ಆ ಮಾತ್ರೆ ನುಂಗುವ ಮುಂಚೆ

ಅಂಗಡಿಗೆ ಬಂದವರು ಯಾವುದಕ್ಕೆ ಬಂದಿದ್ದಾರೆ ಅಂತ ಅವರು ಕೊಡೆ ಮಡಚುವಾಗಲೇ ನನಗೆ ಗೊತ್ತಾಗಿಬಿಡುತ್ತದೆ. ಜ್ವರದವರು ನೇರ ಕೌಂಟರಿಗೆ ಬರುತ್ತಾರೆ. ಶುಗರ್‌ನವರ ಕೈಯಲ್ಲಿ ಖಾಲಿ ಸ್ಟ್ರಿಪ್ ಇರುತ್ತದೆ. ಇನ್ನೊಂದು ಥರದವರು ಮೊದಲು ಗ್ಯಾಸಿನ ಮಾತ್ರೆ ಕೇಳುತ್ತಾರೆ, ಆಮೇಲೆ ಸೊಂಟ ನೋವಿನ ಮುಲಾಮು ಕೇಳುತ್ತಾರೆ, ಪಕ್ಕದಲ್ಲಿರುವ ಹೆಂಗಸು ಚಿಲ್ಲರೆ ಎಣಿಸಿಕೊಂಡು ಹೋಗುವ ತನಕ ಗಾಜಿನೊಳಗಿನ ಟೂತ್‌ಬ್ರಷ್‌ಗಳನ್ನು ಒಂದೊಂದಾಗಿ ನೋಡುತ್ತಾ ನಿಲ್ಲುತ್ತಾರೆ, ಕೊನೆಗೆ ದನಿ ಇಳಿಸಿ ಕೇಳುತ್ತಾರೆ: "ಸಾರ್, ಆ ಮಾತ್ರೆ ಉಂಟಾ?"

ಉಂಟು. ಗೋಣಿಕೊಪ್ಪದಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡವನು ನಾನು, ಡಾಕ್ಟರ್ ಅಲ್ಲ. ಇದು ಗಂಡಸರ ನಿಮಿರುವಿಕೆಯ ತೊಂದರೆಗೆ ಕೊಡುವ, ವಯಾಗ್ರ ಜಾತಿಯ ಮಾತ್ರೆ, ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ್ದು. ಸ್ಟ್ರಿಪ್ಪಿನ ಅಂಚಿಗೆ ಕೆಂಪು ಗೆರೆ ಇರುವುದು ಸುಮ್ನೆ ಚೆಂದಕ್ಕಲ್ಲ. ಚೀಟಿ ಇಲ್ಲದೆ ಕೊಡುವವರೂ ಇದ್ದಾರೆ, ಹಿಂದೆ ನಾನೂ ಕೊಟ್ಟಿದ್ದೇನೆ. ಅದರಿಂದ ಒಮ್ಮೆ ಆದದ್ದನ್ನು ಹೇಳಿ ಮುಂದೆ ಹೋಗುತ್ತೇನೆ.

ತೋಟದ ಕಡೆಯವರು ಒಬ್ಬರು, ಅರವತ್ತರ ಹತ್ತಿರ ವಯಸ್ಸು, ಈ ಜಾತಿಯದೇ ಆದ ಟಡಾಲಾಫಿಲ್ ಒಂದು ಸ್ಟ್ರಿಪ್ ತಗೊಂಡು ಹೋದರು. ಬಿಪಿ ಉಂಟಾ ಅಂತ ಕೇಳಿದೆ, ಇಲ್ಲ ಎಂದರು. ಬೇರೆ ಏನೂ ಕೇಳಲಿಲ್ಲ, ಅಂಗಡಿಯಲ್ಲಿ ಜನ ಇದ್ದರು. ನಾಲ್ಕು ದಿನದ ಮೇಲೆ ಅವರ ಮನೆಯವರು ಬಂದರು. "ನಮ್ಮವರದ್ದು ಮುಗಿದಿದೆ" ಅಂತ ಹಳೆಯ ಸ್ಟ್ರಿಪ್ ಕೌಂಟರಿನ ಮೇಲೆ ಇಟ್ಟರು. ಐಸೊಸಾರ್ಬೈಡ್. ಎದೆನೋವಿಗೆ ಕೊಡುವ ನೈಟ್ರೇಟ್ ಮಾತ್ರೆ. ನನಗೆ ಕೈ ತಣ್ಣಗಾಯಿತು. ಗಂಡ ಒಂದು ದಿನ ಒಂದು ಮಾತ್ರೆ ಒಯ್ದಿದ್ದಾರೆ, ಹೆಂಡತಿ ಇನ್ನೊಂದು ದಿನ ಇನ್ನೊಂದು ಒಯ್ಯಲು ಬಂದಿದ್ದಾರೆ, ಎರಡೂ ಇದೇ ಕೌಂಟರಿನಿಂದ, ಎರಡೂ ಹೋಗಿ ಬೀಳುವುದು ಒಂದೇ ಹೊಟ್ಟೆಗೆ. ಆಕೆಯ ಹತ್ತಿರ ಏನೂ ಹೇಳಲಿಲ್ಲ. ಅವರು ಹೋದ ಕೂಡಲೇ ಆ ಮನುಷ್ಯನಿಗೆ ಫೋನ್ ಮಾಡಿದೆ. ಪುಣ್ಯಕ್ಕೆ ಇನ್ನೂ ನುಂಗಿರಲಿಲ್ಲ. ಅವರು ಕೇಳಿದ ಪ್ರಶ್ನೆ ಈಗಲೂ ಕಿವಿಯಲ್ಲಿದೆ: "ಅದು ಹಾರ್ಟಿಂದು, ಇದು ಬೇರೆ ತಾನೇ?"

ಬೇರೆ ಅಲ್ಲ. ಅದಕ್ಕೇ ಈ ಬರಹ. ನನ್ನ ಅನುಭವದಲ್ಲಿ ಈ ಮಾತ್ರೆಗಿಂತ ಅದರ ಸುತ್ತ ಇರುವ ಗುಟ್ಟೇ ಜಾಸ್ತಿ ಅಪಾಯ.

ಮಾತ್ರೆ ಏನು ಮಾಡುತ್ತದೆ

ಸಿಲ್ಡೆನಾಫಿಲ್ ಹುಟ್ಟಿದ್ದೇ ಹೃದಯದ ಕಾಯಿಲೆಗೆ. ಇಂಗ್ಲೆಂಡಿನ ಸ್ಯಾಂಡ್‌ವಿಚ್ ಎಂಬ ಊರಿನ ಫೈಜರ್ ಲ್ಯಾಬಿನಲ್ಲಿ ಎದೆನೋವಿಗೆ ಅಂತ ಮಾಡಿದ ಔಷಧಿ. ಎದೆಗೆ ಹೇಳಿಕೊಳ್ಳುವಷ್ಟು ಉಪಯೋಗ ಆಗಲಿಲ್ಲ, ಪರೀಕ್ಷೆಗೆ ಬಂದ ಗಂಡಸರು ಮಾತ್ರ ಬೇರೆಯೇ ಕಥೆ ಹೇಳಿದರು. 1998ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಅದಕ್ಕೆ ವಯಾಗ್ರ ಅಂತ ಒಪ್ಪಿಗೆ ಸಿಕ್ಕಿತು. ಆಮೇಲೆ ಟಡಾಲಾಫಿಲ್, ವರ್ಡೆನಾಫಿಲ್, ಅವನಾಫಿಲ್ ಬಂದವು. ನಮ್ಮಲ್ಲಿ ಹತ್ತಾರು ಕಂಪನಿಗಳು ಹತ್ತಾರು ಹೆಸರಿನಲ್ಲಿ ಮಾಡುತ್ತವೆ. ಆದ್ದರಿಂದ ದೊಡ್ಡ ಅಕ್ಷರದ ಹೆಸರು ನೋಡಬೇಡಿ, ಅದರ ಕೆಳಗೆ ಸಣ್ಣದಾಗಿ ಇರುವ ಔಷಧಿಯ ಹೆಸರು ಓದಿ.

ಇವೆಲ್ಲ ರಕ್ತನಾಳವನ್ನು ಸಡಿಲ ಮಾಡುವ ಔಷಧಿಗಳು. ಆಸೆ ಹುಟ್ಟಿದಾಗ ಮೈಯೇ ಒಂದು ರಾಸಾಯನಿಕ ತಯಾರು ಮಾಡುತ್ತದೆ, ಅದು ನಾಳ ಸಡಿಲಿಸಿ ರಕ್ತ ತುಂಬಿಸುತ್ತದೆ. ಆ ರಾಸಾಯನಿಕ ಬೇಗ ಕರಗಿಹೋಗದ ಹಾಗೆ ಮಾತ್ರೆ ತಡೆಯುತ್ತದೆ, ಅಷ್ಟೇ. ಆಸೆಯನ್ನೇ ಹುಟ್ಟಿಸುವ ಶಕ್ತಿ ಅದಕ್ಕಿಲ್ಲ. ನುಂಗಿ ಟಿವಿ ನೋಡುತ್ತಾ ಕೂತರೆ ಏನೂ ಆಗುವುದಿಲ್ಲ. "ಡೂಪ್ಲಿಕೇಟ್ ಕೊಟ್ಟಿದ್ದೀರಿ" ಅಂತ ಜಗಳಕ್ಕೆ ಬಂದವರೂ ಇದ್ದಾರೆ.

ಮೊದಲ ಕೆಲಸ: ಎಲ್ಲಾ ಸ್ಟ್ರಿಪ್ ಒಂದು ಕವರಿಗೆ ಹಾಕಿ

ಡಾಕ್ಟರ ಹತ್ತಿರ ಹೋಗುವಾಗ ಮನೆಯಲ್ಲಿ ನೀವು ನುಂಗುವುದೆಲ್ಲ ಒಂದು ಕವರಿಗೆ ಹಾಕಿಕೊಂಡು ಹೋಗಿ. ಬಿಪಿ, ಶುಗರ್, ಕೊಲೆಸ್ಟ್ರಾಲ್, ಮೂತ್ರದ್ದು, ನಿದ್ದೆಯದು, ಮಿಲಿಟರಿಯಿಂದ ರಿಟೈರ್ ಆಗಿದ್ದರೆ ಇಸಿಎಚ್ಎಸ್‌ನಲ್ಲಿ ಕೊಟ್ಟದ್ದು, ನೆಂಟರು ದುಬೈಯಿಂದ ತಂದುಕೊಟ್ಟ ಡಬ್ಬಿ, ನಾಟಿ ಪುಡಿ, ಲೇಹ್ಯ, ಎಲ್ಲವೂ. "ಬಿಳಿ ಮಾತ್ರೆ, ದುಂಡಗಿದೆ" ಅಂದರೆ ಯಾರಿಗೂ ಗೊತ್ತಾಗುವುದಿಲ್ಲ, ಅರ್ಧ ಅಂಗಡಿಯೇ ಬಿಳಿ ದುಂಡಗೆ ಇದೆ.

ಊರಿನ ಡಾಕ್ಟರು ಮನೆಮಂದಿಗೆಲ್ಲ ಪರಿಚಯ, ಅವರ ಹತ್ತಿರ ಹೇಗೆ ಹೇಳುವುದು ಅಂತ ಸಂಕೋಚ ಇರುತ್ತದೆ. ನಮ್ಮದು ಸಣ್ಣ ಜಿಲ್ಲೆ, ನಾಪೋಕ್ಲುವಿನಲ್ಲಿ ಕೆಮ್ಮಿದರೆ ಪೊನ್ನಂಪೇಟೆಗೆ ಕೇಳುತ್ತದೆ. ಹಾಗಿದ್ದರೆ ಮಡಿಕೇರಿಗೆ ಹೋಗಿ, ಮೈಸೂರಿಗೆ ಹೋಗಿ, ಸರ್ಕಾರದ ಇ-ಸಂಜೀವಿನಿಯಲ್ಲಿ ಫೋನಿನಿಂದಲೇ ಡಾಕ್ಟರ ಹತ್ತಿರ ಮಾತಾಡಿ. ಕವರ್ ಮಾತ್ರ ಪಕ್ಕದಲ್ಲಿರಲಿ.

ನೈಟ್ರೇಟ್ ಇದ್ದರೆ ಇಲ್ಲಿಗೇ ನಿಲ್ಲಿಸಿ

ಕವರಿನಲ್ಲಿ ಮೊದಲು ಹುಡುಕಬೇಕಾದ್ದು ಇದು. ಐಸೊಸಾರ್ಬೈಡ್ ಡೈನೈಟ್ರೇಟ್, ಐಸೊಸಾರ್ಬೈಡ್ ಮಾನೊನೈಟ್ರೇಟ್, ನೈಟ್ರೊಗ್ಲಿಸರಿನ್. ಜನರ ಬಾಯಲ್ಲಿ ಸಾರ್ಬಿಟ್ರೇಟ್, "ನಾಲಿಗೆ ಕೆಳಗೆ ಇಡುವ ಮಾತ್ರೆ". ಸ್ಪ್ರೇ ಇರಬಹುದು, ಎದೆಗೆ ಅಂಟಿಸುವ ಪಟ್ಟಿ ಇರಬಹುದು. ನಿಕೊರಾಂಡಿಲ್ ಎಂಬ ಮಾತ್ರೆ ಹೆಸರಿನಲ್ಲಿ ನೈಟ್ರೇಟ್ ಅಂತ ಇಲ್ಲದಿದ್ದರೂ ಅದೇ ಗುಂಪಿಗೆ ಸೇರಿಸಿಕೊಳ್ಳಿ. ಶ್ವಾಸಕೋಶದ ರಕ್ತನಾಳದ ಬಿಪಿಗೆ ಕೊಡುವ ರಿಯೊಸಿಗ್ವಾಟ್ ಕೂಡ ಆಗದು. ಇವುಗಳಲ್ಲಿ ಒಂದು ಇದ್ದರೂ ಸಿಲ್ಡೆನಾಫಿಲ್ ಆಗಲಿ ಟಡಾಲಾಫಿಲ್ ಆಗಲಿ ಮುಟ್ಟಬಾರದು. ಅರ್ಧ ಮಾತ್ರೆ ಆಗಬಹುದಾ? ಆಗದು. ಬೆಳಿಗ್ಗೆ ಅದು, ರಾತ್ರಿ ಇದು? ಅದೂ ಆಗದು.

ಯಾಕೆ ಅಂತ ಗದ್ದೆ ಇರುವವರಿಗೆ ಸುಲಭವಾಗಿ ಹೇಳಬಹುದು. ನೈಟ್ರೇಟ್ ಅಂದರೆ ಗದ್ದೆಗೆ ಜೋರಾಗಿ ನೀರು ಬಿಟ್ಟ ಹಾಗೆ. ಈ ಮಾತ್ರೆ ಅಂದರೆ ನೀರು ಹೊರಗೆ ಹೋಗುವ ಮೋರಿ ಮುಚ್ಚಿದ ಹಾಗೆ. ಒಂದೊಂದೇ ಮಾಡಿದರೆ ಗದ್ದೆ ತಡೆಯುತ್ತದೆ. ಎರಡನ್ನೂ ಒಟ್ಟಿಗೆ ಮಾಡಿ ನೋಡಿ, ಬದು ಕೊಚ್ಚಿಹೋಗುತ್ತದೆ. ಮೈಯಲ್ಲಿ ಕೊಚ್ಚಿಹೋಗುವುದು ಬಿಪಿ. ನಾಳಗಳೆಲ್ಲ ಒಮ್ಮೆಗೇ ಸಡಿಲಾಗಿ ಬಿಪಿ ಪಾತಾಳಕ್ಕೆ ಇಳಿಯುತ್ತದೆ, ತಲೆಗೂ ಹೃದಯಕ್ಕೂ ರಕ್ತ ಸಾಲದೆ ಮನುಷ್ಯ ಅಲ್ಲೇ ಕುಸಿಯುತ್ತಾನೆ. ಪ್ರಾಣ ಹೋಗುವುದೂ ಉಂಟು.

ಇದು ನೈಟ್ರೇಟ್ ದಿನಾ ತಿನ್ನುವವರಿಗೆ ಮಾತ್ರ ಅಂತ ಅಂದುಕೊಳ್ಳಬೇಡಿ. ಈಗ ವಾಟ್ಸಾಪ್ ನೋಡಿ ಎಷ್ಟೋ ಮನೆಗಳಲ್ಲಿ ಸಾರ್ಬಿಟ್ರೇಟ್ ತಂದಿಟ್ಟುಕೊಳ್ಳುತ್ತಾರೆ, ಎದೆನೋವು ಬಂದರೆ ಇರಲಿ ಅಂತ. ಅಜ್ಜಿಯದ್ದು ಕಪಾಟಿನಲ್ಲಿ ಇದ್ದೇ ಇರುತ್ತದೆ. ಈಗ ಯೋಚಿಸಿ: ಶನಿವಾರ ರಾತ್ರಿ ಯಾರಿಗೂ ಹೇಳದೆ ಟಡಾಲಾಫಿಲ್ ನುಂಗಿದ್ದೀರಿ. ಭಾನುವಾರ ಮಧ್ಯಾಹ್ನ ಎದೆ ಹಿಡಿಯುತ್ತದೆ. ಮಗ ಓಡಿ ಬಂದು, ಪಾಪ, ನಿಮ್ಮ ಜೀವ ಉಳಿಸಬೇಕು ಅಂತಲೇ ಅಜ್ಜಿಯ ಮಾತ್ರೆ ನಾಲಿಗೆ ಕೆಳಗೆ ಇಡುತ್ತಾನೆ. ಅವನಿಗೆ ಗೊತ್ತಿಲ್ಲ. ನೀವು ಹೇಳಿಲ್ಲ.

ಲೆಕ್ಕ ಹೀಗೆ. ಸಿಲ್ಡೆನಾಫಿಲ್ ಅಥವಾ ವರ್ಡೆನಾಫಿಲ್ ನುಂಗಿದ ಮೇಲೆ ಕಡಿಮೆ ಅಂದರೂ 24 ಗಂಟೆ ನೈಟ್ರೇಟ್ ಕೊಡಬಾರದು. ಟಡಾಲಾಫಿಲ್ ಆದರೆ 48 ಗಂಟೆ, ಅದು ಮೈಯಲ್ಲಿ ನಿಧಾನಕ್ಕೆ ಕರಗುವ ಔಷಧಿ. ಕಿಡ್ನಿ, ಲಿವರ್ ಸರಿ ಇಲ್ಲದವರಲ್ಲಿ ಇನ್ನೂ ಹೊತ್ತು ಉಳಿಯಬಹುದು. ಈ ಸಮಯ ಇರುವುದು ಎಮರ್ಜೆನ್ಸಿಗೆ, ಅದನ್ನೂ ಡಾಕ್ಟರು ಬಿಪಿ ನೋಡಿಕೊಂಡೇ ಕೊಡುತ್ತಾರೆ. "48 ಗಂಟೆ ಬಿಟ್ಟು ಬಿಟ್ಟು ಎರಡನ್ನೂ ತಗೊಳ್ಳಬಹುದು" ಅಂತ ಟೈಮ್‌ಟೇಬಲ್ ಹಾಕಿಕೊಳ್ಳುವುದಕ್ಕಲ್ಲ.

ಹಾಗಂತ ನೈಟ್ರೇಟ್ ತಿನ್ನುವವರಿಗೆ ದಾರಿಯೇ ಇಲ್ಲ ಅಂತಲ್ಲ. ಕೆಲವರಿಗೆ ಡಾಕ್ಟರು ಎದೆನೋವಿನ ಔಷಧಿಯನ್ನೇ ಬದಲಿಸುತ್ತಾರೆ. ವ್ಯಾಕ್ಯೂಮ್ ಪಂಪ್ ಅಂತ ಒಂದು ಸಾಧನ ಉಂಟು, ಬೇರೆ ಚಿಕಿತ್ಸೆಗಳೂ ಉಂಟು. ಕೇಳಿದರೆ ತಾನೇ ಹೇಳುವುದು? ನೀವಾಗಿಯೇ ಹಾರ್ಟಿನ ಮಾತ್ರೆ ಬಿಟ್ಟು ಇದನ್ನು ಶುರು ಮಾಡುವುದು ಮಾತ್ರ ಹುಚ್ಚಾಟ.

ಹೃದಯ ತಡೆಯುತ್ತದೆಯೇ

ಡಾಕ್ಟರು ಸಾಮಾನ್ಯವಾಗಿ ಕೇಳುವುದು ಎರಡು. ಸಪಾಟು ರಸ್ತೆಯಲ್ಲಿ 20 ನಿಮಿಷಕ್ಕೆ ಒಂದು ಮೈಲಿ, ಅಂದರೆ ಸುಮಾರು 1.6 ಕಿಲೋಮೀಟರ್, ನಡೆಯಲು ಆಗುತ್ತದಾ? ಎರಡು ಮಹಡಿ ಮೆಟ್ಟಿಲನ್ನು ಚುರುಕಾಗಿ ಹತ್ತಿದರೆ ಎದೆನೋವು, ಉಬ್ಬಸ ಬರುತ್ತದಾ? ಕೊಡಗಿನಲ್ಲಿ ಸಪಾಟು ರಸ್ತೆ ಎಲ್ಲಿ ಹುಡುಕುವುದು, ಅದು ಬೇರೆ ಪ್ರಶ್ನೆ. ತೋಟದ ಏರಿನಲ್ಲಿ ನಿಂತು ನಿಂತು ಹೋಗುತ್ತಿದ್ದೀರಿ, ಮೊದಲು ಹಾಗಿರಲಿಲ್ಲ ಅನ್ನುವುದಾದರೆ ಈ ಮಾತ್ರೆಯ ವಿಷಯ ಆಮೇಲೆ, ಮೊದಲು ಇಸಿಜಿ.

ಹಾರ್ಟ್ ಅಟ್ಯಾಕ್ ಆಗಿ ಮೂರು ತಿಂಗಳು ಆಗಿಲ್ಲ, ಸ್ಟ್ರೋಕ್ ಆಗಿ ಆರು ತಿಂಗಳು ಆಗಿಲ್ಲ, ಸುಮ್ಮನೆ ಕೂತಾಗಲೂ ಎದೆನೋವು ಬರುತ್ತದೆ, ಇಂಥವರು ದೂರ ಇರಿ. ಸಿಲ್ಡೆನಾಫಿಲ್ ಆದರೆ ಅಟ್ಯಾಕ್ ಆದವರಿಗೂ ಆರು ತಿಂಗಳ ಎಚ್ಚರಿಕೆಯೇ ಇರುವುದು. ಬಿಪಿ 90/50ಕ್ಕಿಂತ ಕೆಳಗೆ ಇದ್ದರೂ ಬೇಡ, ಹತೋಟಿಗೆ ಬಾರದೆ 170/110ರ ಮೇಲೆ ಓಡಾಡುತ್ತಿದ್ದರೂ ಬೇಡ.

ಇನ್ನೊಂದು ಮಾತು. ಆ ಭಾಗದ ರಕ್ತನಾಳ ಹೃದಯದ ನಾಳಕ್ಕಿಂತ ಸಣ್ಣದು. ಕೊಬ್ಬು ಕಟ್ಟಿಕೊಳ್ಳಲು ಶುರುವಾದರೆ ಮೊದಲು ತೊಂದರೆ ಕಾಣುವುದು ಅಲ್ಲೇ. ಎದೆನೋವು ಬರುವುದು ಎಷ್ಟೋ ಸಲ ಕೆಲವು ವರ್ಷ ಕಳೆದ ಮೇಲೆ. ಆದ್ದರಿಂದ ನಲವತ್ತು ಐವತ್ತರ ವಯಸ್ಸಿನಲ್ಲಿ ಹೊಸದಾಗಿ ಈ ತೊಂದರೆ ಬಂದರೆ ಮಾತ್ರೆ ಹುಡುಕುವ ಮುಂಚೆ ಶುಗರ್, ಕೊಲೆಸ್ಟ್ರಾಲ್, ಬಿಪಿ ನೋಡಿಸಿ. ಸಿಗರೇಟು, ಗುಟ್ಕಾ ಇದ್ದರೆ ಕಾರಣ ಜೇಬಿನಲ್ಲೇ ಇರಬಹುದು. ತಿನ್ನುತ್ತಿರುವ ಔಷಧಿಯಿಂದಲೂ ಆಗುವುದುಂಟು: ಅಟೆನೊಲಾಲ್‌ನಂಥ ಬಿಪಿ ಮಾತ್ರೆ, ನೀರಿಳಿಸುವ ಕೆಲವು ಮಾತ್ರೆ, ಸರ್ಟ್ರಲಿನ್, ಎಸಿಟಲೊಪ್ರಾಮ್‌ನಂಥ ಮನಸ್ಸಿನ ಮಾತ್ರೆ. ಗೊತ್ತಾದ ಕೂಡಲೇ ಅವನ್ನು ನಿಲ್ಲಿಸಬೇಡಿ. ಡಾಕ್ಟರಿಗೆ ಹೇಳಿದರೆ ಬದಲಿಸುತ್ತಾರೆ.

ಉಳಿದ ಮಾತ್ರೆಗಳ ಜೊತೆ ಜಗಳ

ಮೂತ್ರ ಸರಾಗ ಹೋಗಲು ಟ್ಯಾಮ್ಸುಲೋಸಿನ್, ಸಿಲೊಡೋಸಿನ್, ಆಲ್ಫುಜೋಸಿನ್ ತಿನ್ನುವ ಹಿರಿಯರು ತುಂಬಾ ಜನ. ಬಿಪಿಗೆ ಪ್ರಾಜೋಸಿನ್ ತಿನ್ನುವವರೂ ಇದ್ದಾರೆ. ಇವೂ ನಾಳ ಸಡಿಲಿಸುವಂಥವೇ. ಜೊತೆಗೆ ಈ ಮಾತ್ರೆ ಸೇರಿದರೆ ಹಾಸಿಗೆಯಿಂದ ಏಳುವಾಗ ಕಣ್ಣು ಕತ್ತಲೆ ಬಂದು ಬೀಳಬಹುದು. ಪೂರ್ತಿ ಆಗದು ಅಂತಿಲ್ಲ, ಮೂತ್ರದ ಮಾತ್ರೆ ಮೈಗೆ ಒಗ್ಗಿದ ಮೇಲೆ ಇದನ್ನು ಕಡಿಮೆ ಡೋಸಿನಿಂದ, ಸಿಲ್ಡೆನಾಫಿಲ್ ಆದರೆ 25 ಮಿಲಿಗ್ರಾಂನಿಂದ, ಶುರು ಮಾಡಿಸುತ್ತಾರೆ. ಇಲ್ಲಿ ಇನ್ನೊಂದು ಬಲೆ ಉಂಟು. ಪ್ರಾಸ್ಟೇಟಿಗೆ ಅಂತ ಕೊಡುವ ಕೆಲವು ಮಾತ್ರೆಗಳಲ್ಲಿ ಟ್ಯಾಮ್ಸುಲೋಸಿನ್ ಜೊತೆ ಟಡಾಲಾಫಿಲ್ ಮೊದಲೇ ಸೇರಿರುತ್ತದೆ. ಅದು ಗೊತ್ತಿಲ್ಲದೆ ಮೇಲೊಂದು ನುಂಗಿದರೆ ಡಬಲ್ ಆಯಿತಲ್ವಾ?

ಆಮ್ಲೊಡಿಪಿನ್‌ನಂಥ ಸಾಮಾನ್ಯ ಬಿಪಿ ಮಾತ್ರೆ ಜೊತೆ ಹೆಚ್ಚಿನವರಿಗೆ ತೊಂದರೆ ಇಲ್ಲ, ಬಿಪಿ ಇನ್ನೊಂದು ಎಂಟು ಪಾಯಿಂಟ್ ಇಳಿಯಬಹುದು. ಮೂರು ನಾಲ್ಕು ಥರದ ಬಿಪಿ ಮಾತ್ರೆ ತಿನ್ನುವವರು ಮಾತ್ರ ಕೇಳಿಯೇ ತಗೊಳ್ಳಬೇಕು.

ಈಗ ನಮ್ಮ ಕಡೆಯ ವಿಶೇಷ. ಜೂನ್ ಬಂತು ಅಂದರೆ ಬೆಳಗಿಂದ ಸಂಜೆ ತನಕ ಗಂಬೂಟು, ಒದ್ದೆ ಪ್ಯಾಂಟು, ಒಣಗದ ಒಳಚಡ್ಡಿ. ಜುಲೈ ಹೊತ್ತಿಗೆ ಅರ್ಧ ತೋಟಕ್ಕೆ ತೊಡೆಸಂದಿಯಲ್ಲಿ ಹುಳುಕಡ್ಡಿ. ಅದಕ್ಕೆ ಇಟ್ರಾಕೊನಜೋಲ್ ಕ್ಯಾಪ್ಸೂಲ್, ವಾರಗಟ್ಟಲೆ. ಈ ಕ್ಯಾಪ್ಸೂಲಿಗೂ ಆ ಮಾತ್ರೆಗೂ ಏನು ಸಂಬಂಧ ಅಂತ ಯಾರಿಗೂ ಹೊಳೆಯುವುದಿಲ್ಲ. ಸಂಬಂಧ ಇರುವುದು ಲಿವರಿನಲ್ಲಿ. ಸಿಲ್ಡೆನಾಫಿಲ್, ಟಡಾಲಾಫಿಲ್ ಎಲ್ಲವನ್ನೂ ಒಡೆದು ಹೊರಹಾಕುವ ಕಿಣ್ವವನ್ನು ಇಟ್ರಾಕೊನಜೋಲ್ ಕಟ್ಟಿಹಾಕುತ್ತದೆ. ಔಷಧಿ ಖಾಲಿಯಾಗದೆ ರಕ್ತದಲ್ಲಿ ಏರುತ್ತಾ ಹೋಗುತ್ತದೆ. ನೀವು ನುಂಗಿದ್ದು 50, ಮೈಗೆ ಅದು 50ರ ಹಾಗೆ ಕಾಣುವುದಿಲ್ಲ. ಕ್ಯಾಪ್ಸೂಲ್ ನಿಲ್ಲಿಸಿದ ಮರುದಿನವೇ ಸರಿಯಾಗುವುದಿಲ್ಲ, ಒಂದೆರಡು ವಾರ ಅದರ ಹಿಡಿತ ಉಳಿಯಬಹುದು. ಹುಳುಕಡ್ಡಿಯ ಕೋರ್ಸ್ ಮುಗಿದು ಆ ಹಿಡಿತ ಬಿಡುವ ತನಕ ಈ ಮಾತ್ರೆ ಪಕ್ಕಕ್ಕಿಡಿ. ಹೇಗೂ ಆ ತುರಿಕೆ ಹೆಂಡತಿಗೂ ಅಂಟುವಂಥದ್ದು.

ಕೀಟೊಕೊನಜೋಲ್ ಮಾತ್ರೆ, ಕ್ಲಾರಿತ್ರೊಮೈಸಿನ್, ಎರಿತ್ರೊಮೈಸಿನ್, ಎಚ್ಐವಿಗೆ ಕೊಡುವ ರಿಟೊನಾವಿರ್, ಇವೂ ಅದೇ ಕೆಲಸ ಮಾಡುತ್ತವೆ. ರಿಟೊನಾವಿರ್ ತಿನ್ನುವವರಿಗೆ ಸಿಲ್ಡೆನಾಫಿಲ್ 48 ಗಂಟೆಯಲ್ಲಿ 25 ಮಿಲಿಗ್ರಾಂ ದಾಟಬಾರದು ಅಂತ ಮಿತಿ ಇದೆ. ಅಜಿತ್ರೊಮೈಸಿನ್‌ಗೆ ಈ ತಕರಾರಿಲ್ಲ. ಟಿಬಿಯ ರಿಫಾಂಪಿಸಿನ್ ಉಲ್ಟಾ, ಔಷಧಿಯನ್ನು ಬೇಗ ಹೊರಗೆ ದಬ್ಬುತ್ತದೆ, ಮಾತ್ರೆ ಕೆಲಸ ಮಾಡದ ಹಾಗೆ ಅನಿಸುತ್ತದೆ. ಹಾಗಂತ ಡೋಸ್ ಏರಿಸಿಕೊಳ್ಳಬೇಡಿ.

ಹಣ್ಣಿನಲ್ಲಿ ಗ್ರೇಪ್‌ಫ್ರೂಟ್ ಒಂದು ಬೇಡ, ಅದರ ರಸ ಇದೇ ಕಿಣ್ವವನ್ನು ತಡೆಯುತ್ತದೆ. ಅದು ಚಕ್ಕೋತದ ಸಂಬಂಧಿ, ಆದ್ದರಿಂದ ಆ ದಿನ ಚಕ್ಕೋತವನ್ನೂ ಬಿಟ್ಟರೆ ನಷ್ಟ ಇಲ್ಲ. ನಮ್ಮ ಕೊಡಗಿನ ಕಿತ್ತಳೆ ಬೇಕಾದಷ್ಟು ತಿನ್ನಿ. ಸಿಕ್ಕಿದರೆ.

ಎರಡು ಔಷಧಿ ಒಂದೇ ಮಾತ್ರೆಯಲ್ಲಿ

ಬೇಗ ಮುಗಿದುಹೋಗುತ್ತದೆ ಅನ್ನುವವರಿಗೆ, ಅಂದರೆ ಶೀಘ್ರಸ್ಖಲನದ ತೊಂದರೆ ಇರುವವರಿಗೆ, ಡಪೊಕ್ಸೆಟಿನ್ ಎಂಬ ಔಷಧಿ ಉಂಟು. ಅದನ್ನು ಸಿಲ್ಡೆನಾಫಿಲ್ ಅಥವಾ ಟಡಾಲಾಫಿಲ್ ಜೊತೆ ಸೇರಿಸಿ ಒಂದೇ ಮಾತ್ರೆ ಮಾಡಿ ಮಾರುತ್ತಾರೆ, ಗೆಳೆಯರು ಗೆಳೆಯರಿಗೆ ಕೊಡುವುದು ಜಾಸ್ತಿ ಇದನ್ನೇ. ಡಪೊಕ್ಸೆಟಿನ್ ಒಂದರಿಂದಲೇ ತಲೆ ತಿರುಗಿ ಬೀಳುವವರಿದ್ದಾರೆ, ಕುಡಿದರಂತೂ ಇನ್ನೂ ಕಷ್ಟ. ಮನಸ್ಸಿನ ಕಾಯಿಲೆಯ ಮಾತ್ರೆ, ಮೈಗ್ರೇನಿನ ಟ್ರಿಪ್ಟಾನ್ ಗುಂಪಿನ ಮಾತ್ರೆ, ನೋವಿಗೆ ಕೊಡುವ ಟ್ರಮಡಾಲ್, ಮೇಲೆ ಹೇಳಿದ ಇಟ್ರಾಕೊನಜೋಲ್, ಇವುಗಳ ಜೊತೆ ಡಪೊಕ್ಸೆಟಿನ್ ಸೇರಬಾರದು. ಬೆನ್ನುನೋವಿಗೆ ಟ್ರಮಡಾಲ್ ತಿನ್ನುತ್ತಾ ಗೆಳೆಯ ಕೊಟ್ಟ ಮಾತ್ರೆ ನುಂಗುವವನಿಗೆ ಇದನ್ನೆಲ್ಲ ಯಾರು ಹೇಳುತ್ತಾರೆ?

ಎಷ್ಟು, ಯಾವಾಗ, ಏನು ತಿಂದು

ಸಿಲ್ಡೆನಾಫಿಲ್ ಸಾಮಾನ್ಯವಾಗಿ 50 ಮಿಲಿಗ್ರಾಂನಿಂದ ಶುರು, 65 ದಾಟಿದವರಿಗೆ, ಲಿವರ್ ಕಿಡ್ನಿ ತೊಂದರೆ ಇದ್ದವರಿಗೆ 25. ದಿನಕ್ಕೆ ಒಂದೇ ಸಲ. 100ರ ಮೇಲೆ ಇಲ್ಲ. ಒಂದು ಗಂಟೆ ಮುಂಚೆ ತಗೊಳ್ಳುವುದು. ಟಡಾಲಾಫಿಲ್ ಬೇಕಾದಾಗ ತಗೊಳ್ಳುವುದಾದರೆ 10, ಹೆಚ್ಚೆಂದರೆ 20, ಅದರ ಪ್ರಭಾವ 36 ಗಂಟೆಯ ತನಕ ಇರಬಹುದು. ದಿನಾ ತಗೊಳ್ಳಲು 2.5, 5ರ ಸಣ್ಣ ಡೋಸ್ ಬೇರೆ ಉಂಟು. ಒಂದರ ಮೇಲೆ ಇನ್ನೊಂದು ಸೇರಿಸಬಾರದು.

ಊಟದ ವಿಷಯದಲ್ಲಿ ನಮ್ಮವರು ಎಡವುವುದು ಹೀಗೆ. ಮದುವೆ ಮನೆ. ಪಂದಿಕರಿ, ಕಡಂಬುಟ್ಟು, ಎರಡು ಸಲ ಹಾಕಿಸಿಕೊಂಡದ್ದು. ಅದಕ್ಕೂ ಮುಂಚೆ ಕ್ಯಾಂಟೀನ್ ರಮ್ಮು, ಎಷ್ಟು ಅಂತ ಲೆಕ್ಕ ಇಟ್ಟವರಿಲ್ಲ. ರಾತ್ರಿ ಮನೆಗೆ ಬಂದು ಸಿಲ್ಡೆನಾಫಿಲ್ ನುಂಗುತ್ತಾರೆ. ಕೊಬ್ಬಿನ ಊಟದ ಮೇಲೆ ಬಿದ್ದ ಮಾತ್ರೆ ರಕ್ತಕ್ಕೆ ಸೇರಲು ಇನ್ನೊಂದು ಗಂಟೆ ತಡ ಮಾಡುತ್ತದೆ. ಕಾದು ಕಾದು ಸಾಕಾಗಿ "ಇದು ಹಿಡಿಯಲಿಲ್ಲ" ಅಂತ ಇನ್ನೊಂದು ನುಂಗುತ್ತಾರೆ. ಆಮೇಲೆ ಎರಡೂ ಸೇರಿ ಹಿಡಿಯುತ್ತವೆ. ಜೊತೆಗೆ ರಮ್ಮು ಬೇರೆ ನಾಳ ಸಡಿಲಿಸಿರುತ್ತದೆ. ರಾತ್ರಿ ಎರಡು ಗಂಟೆಗೆ ಬಚ್ಚಲಿಗೆ ಎದ್ದ ಮನುಷ್ಯ ಅಲ್ಲೇ ಬೀಳುತ್ತಾನೆ, ತಲೆಗೆ ಹೊಲಿಗೆ ಬೀಳುತ್ತದೆ, ಬೆಳಿಗ್ಗೆ "ಜಾರಿ ಬಿದ್ದೆ" ಅಂತ ಹೇಳುತ್ತಾನೆ.

ಸಿಲ್ಡೆನಾಫಿಲ್ ತಗೊಳ್ಳುವುದಾದರೆ ಊಟ ಹಗುರ ಇರಲಿ. ಟಡಾಲಾಫಿಲ್‌ಗೆ ಊಟದ ಕಟ್ಟುಪಾಡಿಲ್ಲ. ಕುಡಿತ ಎರಡಕ್ಕೂ ಆಗದು. ಒಂದು ಸಣ್ಣ ಪೆಗ್ಗಿಗೆ ಆಕಾಶ ಬೀಳುವುದಿಲ್ಲ, ಆದರೆ ಒಂದಕ್ಕೆ ನಿಲ್ಲಿಸುವವರು ಎಷ್ಟು ಜನ? ಜಾಸ್ತಿ ಕುಡಿದರೆ ಮಾತ್ರೆ ಕೊಡುವುದನ್ನು ಕುಡಿತವೇ ಕಿತ್ತುಕೊಳ್ಳುತ್ತದೆ, ಇದು ಕುಡಿಯುವವರಿಗೂ ಗೊತ್ತು.

ಮೊದಲ ಸಲ ತಗೊಳ್ಳುವುದು ಮನೆಯಲ್ಲಿರುವ ದಿನ ಇರಲಿ. ನುಂಗಿ ಜೀಪ್ ಹತ್ತಿ ಘಾಟಿ ಇಳಿಯಲು ಹೋಗಬೇಡಿ. ತಲೆನೋವು, ಮುಖ ಬಿಸಿಯಾಗಿ ಕೆಂಪಾಗುವುದು, ಮೂಗು ಕಟ್ಟುವುದು, ಎದೆಯುರಿ ಸಾಮಾನ್ಯ. ಸಿಲ್ಡೆನಾಫಿಲ್‌ನಲ್ಲಿ ಕೆಲವರಿಗೆ ಸ್ವಲ್ಪ ಹೊತ್ತು ಎಲ್ಲಾ ನೀಲಿ ನೀಲಿ ಕಾಣುತ್ತದೆ. ಟಡಾಲಾಫಿಲ್‌ನಲ್ಲಿ ಬೆನ್ನು, ಮೀನಖಂಡ ನೋಯಬಹುದು. ತಾನಾಗಿಯೇ ಹೋಗುತ್ತದೆ.

ನಾಟಿ ಹೆಸರಿನ ಕ್ಯಾಪ್ಸೂಲ್

"ಇಂಗ್ಲಿಷ್ ಔಷಧಿ ಬೇಡ ಸಾರ್, ನಾನು ನಾಟಿ ತಗೊಳ್ಳುತ್ತೇನೆ, ಸೈಡ್ ಎಫೆಕ್ಟ್ ಇಲ್ಲ." ಸಂತೆ ಮೂಲೆಯಲ್ಲಿ ಟೆಂಟ್ ಹಾಕಿದವರು, ಫೋನಿನ ಜಾಹೀರಾತು, ಕೊರಿಯರಿನಲ್ಲಿ ಬರುವ ಡಬ್ಬಿ, ಅದರ ಮೇಲೆ ಕುದುರೆಯ ಚಿತ್ರ. ಗಿಡಮೂಲಿಕೆ ಅಂತ ಬರೆದ ಇಂಥ ಎಷ್ಟೋ ಕ್ಯಾಪ್ಸೂಲ್‌ಗಳನ್ನು ಬೇರೆ ಬೇರೆ ದೇಶಗಳ ಲ್ಯಾಬುಗಳಲ್ಲಿ ಪರೀಕ್ಷೆ ಮಾಡಿದಾಗ ಒಳಗೆ ಸಿಕ್ಕಿದ್ದು ಸಿಲ್ಡೆನಾಫಿಲ್ಲೇ, ಇಲ್ಲವೇ ಅದರ ತಮ್ಮ ಅಣ್ಣ. ಎಷ್ಟು ಅಂತ ಡಬ್ಬಿಯ ಮೇಲೆ ಬರೆದಿರುವುದಿಲ್ಲ. ನೈಟ್ರೇಟ್ ತಿನ್ನುವವನು "ಇದು ಬರೀ ಬೇರು ನಾರು" ಅಂತ ಧೈರ್ಯವಾಗಿ ನುಂಗುತ್ತಾನೆ. ನನ್ನ ಪರೀಕ್ಷೆ ಒಂದೇ: ಅರ್ಧ ಗಂಟೆ, ಒಂದು ಗಂಟೆಯಲ್ಲಿ ಕೆಲಸ ಮಾಡಿತು ಅಂದರೆ ಅದು ಬೇರಲ್ಲ.

ಎಡವಟ್ಟಾದರೆ

ಈ ಮಾತ್ರೆ ನುಂಗಿದ ಮೇಲೆ ಎದೆನೋವು ಬಂದರೆ ಮಾಡುತ್ತಿರುವುದನ್ನು ನಿಲ್ಲಿಸಿ. ಸಾರ್ಬಿಟ್ರೇಟ್ ಇಡಬೇಡಿ, ಇಡಲು ಬಿಡಬೇಡಿ. 108ಕ್ಕೆ ಫೋನ್ ಮಾಡಿ, ಯಾವ ಮಾತ್ರೆ ಎಷ್ಟು ಹೊತ್ತಿಗೆ ನುಂಗಿದ್ದು ಅಂತ ಮೊದಲ ಮಾತಿನಲ್ಲೇ ಹೇಳಿ. ಆಸ್ಪಿರಿನ್‌ಗೂ ಇದಕ್ಕೂ ಜಗಳ ಇಲ್ಲ, ಕೊಡಬೇಕೋ ಬೇಡವೋ ಅಂತ ಡಾಕ್ಟರನ್ನೇ ಕೇಳಿ. ತಲೆ ತಿರುಗಿದರೆ ಮಲಗಿಸಿ ಕಾಲು ಸ್ವಲ್ಪ ಎತ್ತರಕ್ಕಿಡಿ. ದೊಡ್ಡ ಹೃದಯದ ಆಸ್ಪತ್ರೆ ನಮಗೆ ಮೈಸೂರು, ಮಂಗಳೂರು. ಮಳೆಗಾಲದ ರಾತ್ರಿ, ಮರ ಬಿದ್ದ ರಸ್ತೆ, ಗಂಟೆ ಗಟ್ಟಲೆ ದಾರಿ. ಅಷ್ಟು ಹೊತ್ತಿನಲ್ಲಿ ಹತ್ತಿರದ ಆಸ್ಪತ್ರೆಯವರು ಮೊದಲು ಕೊಡುವ ಔಷಧಿಯೇ ನೈಟ್ರೇಟ್ ಆಗಿರಬಹುದು, ನೆನಪಿರಲಿ.

ನಿಮಿರಿದ್ದು ನಾಲ್ಕು ಗಂಟೆಯಾದರೂ ಇಳಿಯಲಿಲ್ಲ ಅಂದರೆ ಅದು ಗೆಳೆಯರ ಹತ್ತಿರ ಹೇಳಿಕೊಳ್ಳುವ ಸಾಹಸ ಅಲ್ಲ, ಎಮರ್ಜೆನ್ಸಿ. ರಕ್ತ ನಿಂತು ಒಳಗಿನ ಮಾಂಸ ಹಾಳಾಗುತ್ತದೆ, ಆಮೇಲೆ ಯಾವ ಮಾತ್ರೆಯೂ ಕೆಲಸ ಮಾಡದ ಹಾಗೆ ಆಗಬಹುದು. ಬೆಳಗಾಗಲಿ ಅಂತ ಕಾಯಬೇಡಿ. ಒಂದು ಕಣ್ಣು ಹಠಾತ್ತಾಗಿ ಮಂಜಾದರೆ, ಕಿವಿ ಇದ್ದಕ್ಕಿದ್ದಂತೆ ಕೇಳದೆ ಹೋದರೆ ಮಾತ್ರೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಿ.

ಮನೆಯಲ್ಲಿ ಒಬ್ಬರಿಗಾದರೂ ಹೇಳಿರಿ. ಹೆಂಡತಿಗೆ ಹೇಳುವುದೇ ಒಳ್ಳೆಯದು, ಆಕೆಗೆ ಎಷ್ಟೋ ಸಲ ಮೊದಲೇ ಗೊತ್ತಿರುತ್ತದೆ. ಆಗುವುದೇ ಇಲ್ಲ ಅನ್ನುವವರಿಗೆ ನಾನು ಒಂದು ಉಪಾಯ ಹೇಳುತ್ತೇನೆ. ಒಂದು ಸಣ್ಣ ಚೀಟಿ. ಅದರಲ್ಲಿ ಮೂರು ಸಾಲು: "ನಾನು ಟಡಾಲಾಫಿಲ್ 10 ತಗೊಳ್ಳುತ್ತೇನೆ. ಕೊನೆಯ ಸಲ ತಗೊಂಡ ದಿನ, ಹೊತ್ತು. ನನಗೆ ನೈಟ್ರೇಟ್ ಕೊಡುವ ಮುಂಚೆ ಡಾಕ್ಟರಿಗೆ ಇದನ್ನು ತೋರಿಸಿ." ದಿನ, ಹೊತ್ತನ್ನು ಪ್ರತಿ ಸಲ ತಿದ್ದಿ ಬರೆಯಬೇಕು. ಪರ್ಸಿನಲ್ಲಿ ಆಧಾರ್ ಕಾರ್ಡಿನ ಹಿಂದೆ ಇಡಿ, ಆಸ್ಪತ್ರೆಯಲ್ಲಿ ಮೊದಲು ಹುಡುಕುವುದು ಅದನ್ನೇ. ಪೆನ್ಸಿಲಿನಲ್ಲಿ ಬರೆದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರೆ ಮಳೆಗಾಲದಲ್ಲೂ ಅಳಿಸುವುದಿಲ್ಲ.